ವಲ್ಲಿಯೊಳಗಿನ ಕೈ

ಹುಬ್ಬಳ್ಳಿಯ ಹತ್ತಿ ಪೇಟೆಯ ದಲಾಲಿ ಗುರುಸಿದ್ದಯ್ಯನಿಗೆ ಒಂದು ಚಟವಿತ್ತು. ತಂಬಾಕಿನದಲ್ಲ, ಇಸ್ಪೀಟಿನದೂ ಅಲ್ಲ. ಊರನ್ನು ನೋಡುವ ಚಟ. ಬೆಳಗ್ಗೆ ಮನೆ ಬಿಟ್ಟು ಪೇಟೆ ಮುಟ್ಟುವುದರೊಳಗೆ ಅವನ ಕಣ್ಣಿಗೆ ಏನಾದರೊಂದು ಬೀಳಲೇಬೇಕು. ಹತ್ತಿ ಬಿಡಿಸುವ ಜಿನ್ನಿನ ಭೋಂಗಾ ಕೂಗಿದಾಗ ಗಂಟೀಕೇರಿಯ ನಾಯಿಗಳೂ ಕೂಗುತ್ತವೆ, ಸರಿ. ಆದರೆ ಜಿನ್ನಿಗೆ ಸೂಟಿ ಇದ್ದ ದಿನವೂ ಅದೇ ಹೊತ್ತಿಗೆ ಕೂಗುತ್ತವಲ್ಲ, ಅವಕ್ಕೆ ಯಾರು ಹೇಳಿದರು? ದುರ್ಗದ ಬೈಲಿನ ಬಳೆಗಾರ್ತಿ ಗುಲ್ಜಾರಬಿ ಬಡವರ ಕೈಗೆ ಬಳೆ ಇಡುವಾಗ ಹಾಡು ಗುನುಗುತ್ತಾಳೆ, ಸಾಹುಕಾರರ ಸೊಸೆಯಂದಿರು ಬಂದರೆ ತುಟಿ ಬಿಚ್ಚುವುದಿಲ್ಲ, ಯಾಕೆ? ಸ್ಟೇಶನ್ನಿಗೆ ಹೊರಟ ಟಾಂಗಾದವನು ಕುದುರೆಗೆ ಬಾಯಿ ತುಂಬ ಬಯ್ಯುತ್ತಾನೆ, ಅಲ್ಲಿಂದ ಬರುವಾಗ ಅದೇ ಕುದುರೆಯನ್ನು ಮಗಾ ಅನ್ನುತ್ತಾನೆ. ಇಂಥದನ್ನೆಲ್ಲ ಹೆಕ್ಕಿಟ್ಟುಕೊಂಡು ಸಂಜೆ ಏಕನಾಥನ ಚಹಾದಂಗಡಿಯ ಕಟ್ಟೆಯ ಮೇಲೆ ಕೂತು ಹೇಳದಿದ್ದರೆ ಗುರುಸಿದ್ದಯ್ಯನಿಗೆ ಉಂಡ ರೊಟ್ಟಿ ಅರಗುತ್ತಿರಲಿಲ್ಲ. ಹೇಳುವುದರಲ್ಲಿ ರುಚಿಯಿತ್ತು, ಮಂದಿ ಕೂತು ಕೇಳುತ್ತಿದ್ದರು. ಕೇಳುವವರಿದ್ದರೆ ಹೇಳುವವನಿಗೆ ಕೊಬ್ಬು ಬರುವುದು ತಡವೇ?

ಅವನ ಹೆಚ್ಚಿನ ಹೆಮ್ಮೆಯೆಂದರೆ ಕೈ. ಆ ಕಾಲದಲ್ಲಿ, ಇಪ್ಪತ್ತೆಂಟನೆಯ ಇಸ್ವಿಯ ಸುಮಾರಿಗೆ, ಪೇಟೆಯಲ್ಲಿ ಹತ್ತಿಯ ಧಾರಣಿಯನ್ನು ಯಾರೂ ಬಾಯಿಂದ ಆಡುತ್ತಿರಲಿಲ್ಲ. ಮಾರುವವನೂ ಕೊಳ್ಳುವವನ ಕಡೆಯ ದಲಾಲಿಯೂ ಎದುರು ಬದುರು ಕೂತು ಬಲಗೈ ಬಲಗೈ ಹಿಡಿದು, ಮೇಲೆ ಒಂದು ವಲ್ಲಿ ಹೊದಿಸುವರು. ಹೆಗಲ ಮೇಲೆ ಹಾಕಿಕೊಳ್ಳುವ ಆ ವಸ್ತ್ರದ ಕೆಳಗೆ ಬೆರಳು ಬೆರಳು ಮಾತಾಡುವುದು. ಯಾವ ಬೆರಳು ಹಿಡಿದರು, ಎಷ್ಟು ಹಿಡಿದರು, ಎಲ್ಲಿ ಒತ್ತಿದರು ಎಂಬುದರ ಮೇಲೆ ಧಾರಣಿ. ಸುತ್ತ ನಿಂತ ಹತ್ತು ಮಂದಿಗೆ ವಲ್ಲಿ ಅಲುಗುವುದಷ್ಟೇ ಕಾಣುವುದು. ಮೂವತ್ತು ವರ್ಷ ಈ ಕೆಲಸ ಮಾಡಿದ ಗುರುಸಿದ್ದಯ್ಯ, "ನನಗ ಮಾರಿ ತೋರಸಬ್ಯಾಡ್ರಿ, ಕೈ ಕೊಡ್ರಿ ಸಾಕು, ಮನ್ಯಾಗ ಏನ ನಡದೈತಿ ಹೇಳ್ತೇನಿ" ಎನ್ನುತ್ತಿದ್ದ. ಖರೆಯೇ. ಯಾರ ಅಂಗೈ ಬೆವರಿದರೆ ಅವನಿಗೆ ಮಾಲು ಮಾರುವ ಅವಸರ, ಯಾರ ಹಿಡಿತ ಬಿಗಿಯಾಗಿದ್ದರೆ ಅವನು ಹೆಂಡತಿಯ ಸಂಗಡ ಜಗಳಾಡಿ ಬಂದವನು, ಇಷ್ಟನ್ನು ಅವನು ತಪ್ಪದೆ ಹೇಳಿಬಿಡುತ್ತಿದ್ದ.

ಅದೇ ಪೇಟೆಯಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿ ಇಟ್ಟಿದ್ದ ಮಹಾಂತಯ್ಯ ಅವನ ಹಳೆಯ ಗೆಳೆಯ. ಮಾತು ಕಡಿಮೆ, ಮನುಷ್ಯ ಗಟ್ಟಿ. ಹೆಂಡತಿ ತೀರಿಕೊಂಡ ಮೇಲೆ ಅವನ ಒಬ್ಬಳೇ ಮಗಳು ಶಿವಲಿಂಗವ್ವ ಮನೆತನ ಹಿಡಿದಿದ್ದಳು. ಆ ಹುಡುಗಿಯನ್ನು ಗುರುಸಿದ್ದಯ್ಯ ತನ್ನ ಮಗ ಚನ್ನವೀರಯ್ಯನಿಗೆ ಕೇಳಿ, ಸಕ್ಕರೆ ಹಂಚಿ ಮಾತು ಗಟ್ಟಿ ಮಾಡಿದ್ದ. ಹತ್ತಿಯ ಸುಗ್ಗಿ ಮುಗಿಯುತ್ತಲೇ ಮದುವೆ. ಅಂದಿನಿಂದ ಗೆಳೆಯರಿಬ್ಬರೂ ಒಬ್ಬರನ್ನೊಬ್ಬರು ಬೀಗರೇ ಎಂದು ಕರೆದುಕೊಂಡು ಹಲ್ಲು ಬಿಡುತ್ತಿದ್ದರು.

ಬಿಸಿಲೇರಿದ ಒಂದು ಮಧ್ಯಾಹ್ನ ಇಬ್ಬರೂ ಒಂದು ಮಾಲಿನ ಮೇಲೆ ಕೂತರು. ಮಹಾಂತಯ್ಯ ಮಾರುವವನು, ಗುರುಸಿದ್ದಯ್ಯ ಮುಂಬಯಿಯ ಖರೀದಿದಾರರ ಕಡೆಯವನು. ಕೈ ಕೂಡಿತು, ವಲ್ಲಿ ಬಿತ್ತು. ಗುರುಸಿದ್ದಯ್ಯ ಬೆರಳು ಹಿಡಿದು ತನ್ನ ಧಾರಣಿ ಹೇಳಿದ. ಇನ್ನು ಮಹಾಂತಯ್ಯನ ಕೈ ಮರುಮಾತು ಹೇಳಬೇಕು. ಹೇಳಲಿಲ್ಲ. ಗುರುಸಿದ್ದಯ್ಯ ಕಾದ. ಎದುರಿನ ಕೈ ಸುಮ್ಮನೆ ಬಿದ್ದಿತ್ತು, ಒತ್ತಲಿಲ್ಲ, ಹಿಡಿಯಲಿಲ್ಲ. ಮಹಾಂತಯ್ಯನ ಕಣ್ಣು ಮಾತ್ರ ಅವನ ಮುಖದ ಮೇಲೆಯೇ ಇತ್ತು, ಉತ್ತರ ಕೊಟ್ಟು ಕಾಯುವವನ ಹಾಗೆ. ಇದೇನು ಚೇಷ್ಟೆ ಎಂದು ಗುರುಸಿದ್ದಯ್ಯ ಉಂಗುರದ ಬೆರಳಿನ ಉಗುರನ್ನು ಬೀಗರ ಅಂಗೈಗೆ ಜೋರಾಗಿ ಚುಚ್ಚಿದ. ಚಿಕ್ಕ ಹುಡುಗನಾಗಿದ್ದರೆ ಕಿರುಚಬೇಕು, ಹಾಗೆ. ಮಹಾಂತಯ್ಯನ ಹುಬ್ಬು ಕೂಡ ಅಲುಗಲಿಲ್ಲ.

ಆಮೇಲೆ ಮಹಾಂತಯ್ಯ ಮೆಲ್ಲಗೆ ಕೈ ಎಳೆದುಕೊಂಡ. ಮುಖ ಬಿಳುಚಿತ್ತು.

"ಇವತ್ತ ಬ್ಯಾಡ್ರಿ ಬೀಗರ. ಮತ್ತ ನೋಡೂನು," ಅಂದ.

ಗುರುಸಿದ್ದಯ್ಯ ಆ ಕೈಯನ್ನೇ ನೋಡಿದ. ಸಣ್ಣವನಿದ್ದಾಗ ಅವರ ಓಣಿಯಲ್ಲಿ ಒಬ್ಬ ಮುದುಕನ ಕೈ ಹೀಗೆಯೇ ಸತ್ತಿತ್ತು. ಬೀಡಿಯ ಕೆಂಡ ಬೆರಳು ಸುಟ್ಟರೂ ಅವನಿಗೆ ತಿಳಿಯುತ್ತಿರಲಿಲ್ಲ. ಕಡೆಗೆ ಮಕ್ಕಳೇ ಊರ ಹೊರಗೆ ಗುಡಿಸಲು ಹಾಕಿ ಅಲ್ಲಿ ಇಟ್ಟುಬಂದರು. ಆ ರೋಗದ ಹೆಸರನ್ನು ಮನೆಯೊಳಗೆ ಆಡುವುದಿಲ್ಲ; ದೊಡ್ಡ ಜಡ್ಡು ಎನ್ನುತ್ತಾರೆ. ಮಹಾಂತಯ್ಯನ ಮುಂಗೈ ಮೇಲೆ ಬಿಳಿಚಾದ ಒಂದು ಹಳೆಯ ಕಲೆ ಇದ್ದದ್ದು ಈಗ ನೆನಪಾಯಿತು. ಇಷ್ಟು ದಿನ ಅದು ಸುಟ್ಟ ಕಲೆಯಾಗಿತ್ತು, ಇವತ್ತು ಬೇರೆಯಾಗಿ ಕಂಡಿತು.

ಎರಡು ದಿನ ಬಿಟ್ಟು ಮಹಾಂತಯ್ಯ ಮನೆಗೇ ಬಂದ. ಗುರುಸಿದ್ದಯ್ಯನ ಹೆಂಡತಿ ದಾನವ್ವ ಚಹಾ ತಂದಿಟ್ಟಳು. ಅವನು ಕುಡಿಯಲಿಲ್ಲ. ಗುರುಸಿದ್ದಯ್ಯನ ಬಸಿ ಹಿಡಿದ ಕೈಯನ್ನೇ ನೋಡುತ್ತ ಕೂತ. ಆಮೇಲೆ ಮಹಾಂತಯ್ಯನೇ ಮಾತು ತೆಗೆದ.

"ಬೀಗರ, ನಿಮಗ ಕೈಯಾಗ ಜೋಮು ಗೀಮು ಏನರ ಹಿಡೀತೈತೇನ್ರಿ?"

"ನನಗ್ಯಾಕ ಹಿಡೀತೈತ್ರಿ?" ಗುರುಸಿದ್ದಯ್ಯನ ಮಾತು ತುಸು ಬಿರುಸಾಗಿಯೇ ಬಂತು. ನಾನು ಕಂಡುಹಿಡಿದಿದ್ದೇನೋ ಇಲ್ಲವೋ ಎಂದು ತಳ ನೋಡಲು ಬಂದಿದ್ದಾನೆ, ಎಂದುಕೊಂಡ.

ಮಹಾಂತಯ್ಯ ಇನ್ನೇನೋ ಹೇಳುವವನಿದ್ದ. ಒಳಗಿನಿಂದ ಚನ್ನವೀರಯ್ಯ ಬಂದು ಮಾವನಾಗುವವನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಮಹಾಂತಯ್ಯ ಹುಡುಗನನ್ನು ನೋಡಿದ, ದಾನವ್ವನನ್ನು ನೋಡಿದ, ಎದ್ದು ಹೋಗಿಬಿಟ್ಟ. ತಪ್ಪು ಮಾಡಿದವನು ಹೀಗೇ ಹೋಗುತ್ತಾನೆ ಎಂದು ಗುರುಸಿದ್ದಯ್ಯನಿಗೆ ಖಾತ್ರಿಯಾಯಿತು.

ಇದ್ದ ಸಣ್ಣ ಸಂಶಯವನ್ನೂ ರಮಾಕಾಂತ ಕಳೆದ. ಅವನು ಜಿನ್ನಿನ ಕಾರಕೂನ, ದಿನಾ ಧಾರವಾಡದಿಂದ ರೈಲಿಗೆ ಬಂದು ಹೋಗುವವನು. ಸಂಜೆ ಏಕನಾಥನ ಕಟ್ಟೆಯ ಮೇಲೆ ಚಹಾ ಊದುತ್ತ ಹೇಳಿದ:

"ನಿಮ್ಮ ಬೀಗರನ್ನ ನಿನ್ನೆ ಧಾರವಾಡದಾಗ ನೋಡಿದೆ ನೋಡ್ರಿ. ಆ ದೊಡ್ಡ ಜಡ್ಡಿನ ಡಾಕ್ಟರು ಇದ್ದಾರಲ್ಲ, ಎಣ್ಣಿ ಸೂಜಿ ಚುಚ್ಚತಾರ, ಅವರ ಬಾಗಿಲದಾಗ ನಿಂತಿದ್ರು. ನಾ ಕರದ್ರ ತಲಿ ತಗ್ಗಿಸಿ ಹೋಗೇಬಿಟ್ರು. ಏನದ ವಿಷಯ?"

ಗುರುಸಿದ್ದಯ್ಯ ಚಹಾದ ಬಸಿ ಕೆಳಗಿಟ್ಟ. ಗೆಳೆಯನಿಗೆ ಹೀಗಾಯಿತಲ್ಲ ಎಂದು ಮರುಕ ಬಂತು, ಸುಳ್ಳು ಹೇಳುವುದು ಬೇಡ. ಮರುಗಳಿಗೆಗೆ ಸಿಟ್ಟು ಬಂತು. ಗೊತ್ತಿದ್ದೂ ಮಗಳನ್ನು ನನ್ನ ಮನೆಗೆ ದಾಟಿಸುವವನಿದ್ದನಲ್ಲ! ನಾಳೆ ಮೊಮ್ಮಕ್ಕಳಿಗೆ ಬಂದರೆ? ಆ ಸಿಟ್ಟಿನ ಜೊತೆಗೇ ಇನ್ನೊಂದು ಇತ್ತು, ಅದನ್ನು ಅವನು ಒಪ್ಪಲಿಕ್ಕಿಲ್ಲ, ನಾವು ಹೇಳಬೇಕು: ಊರಿಗೆ ಊರೇ ಕಾಣದ್ದನ್ನು ತಾನು ವಲ್ಲಿಯ ಕೆಳಗೆ ಕಂಡೆ ಎಂಬ ಹಿಗ್ಗು. ಕಟ್ಟೆಯ ಮೇಲೆ ಎಲ್ಲರೂ ಅವನ ಮುಖ ನೋಡುತ್ತಿದ್ದರು.

"ನಾ ಯಾರ ಹೆಸರೂ ತಗೊಳ್ಳೂದಿಲ್ಲ," ಅಂದ ಗುರುಸಿದ್ದಯ್ಯ. "ಕೈಯಾಗ ಜೀವ ಇಲ್ಲದವರು ನಮ್ಮ ಪೇಟ್ಯಾಗ ಅದಾರ. ಉಗುರು ಚುಚ್ಚಿದರೂ ತಿಳಿಯೂದಿಲ್ಲ. ಇಷ್ಟ ಹೇಳ್ತೇನಿ, ಇದಕ್ಕಿಂತ ಹೆಚ್ಚಿಗಿ ಕೇಳಬ್ಯಾಡ್ರಿ."

ಹೆಚ್ಚಿಗೆ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ. ಮರುದಿನವೇ ಗುರುಸಿದ್ದಯ್ಯ ಒಬ್ಬ ಹಿರಿಯರ ಕೈಯಲ್ಲಿ ಹೇಳಿಕಳಿಸಿ ಮದುವೆಯ ಮಾತು ಮುರಿದ. ಕಾರಣ ಹೇಳಲಿಲ್ಲ. ಮಂದಿ ಅದನ್ನೂ ಇದನ್ನೂ ಕೂಡಿಸಿ ನೋಡಿಕೊಂಡರು. ಹೆಸರು ಹೇಳಲಿಲ್ಲವಾದ್ದರಿಂದ ತನ್ನ ಮೇಲೆ ದೋಷವಿಲ್ಲ ಎಂದು ಗುರುಸಿದ್ದಯ್ಯ ದಿನಾ ಲಿಂಗಪೂಜೆಗೆ ಕೂತಾಗ ತನಗೆ ತಾನೇ ಹೇಳಿಕೊಂಡ.

ಮಹಾಂತಯ್ಯನ ಅಂಗಡಿಯಲ್ಲಿ ಅಂದಿನಿಂದ ವಲ್ಲಿ ಬಿಚ್ಚಲಿಲ್ಲ. ಹತ್ತಿಯ ಗಾಡಿಗಳು ಅವನ ಬಾಗಿಲು ದಾಟಿ ಮುಂದಿನ ಅಂಗಡಿಗೆ ಹೋದವು. ದಲಾಲಿಗಳು ದೂರದಿಂದಲೇ ಶರಣು ಅಂದು ನಡೆದರು. ಅವನು ಮಾತ್ರ ದಿನಾ ಹೊತ್ತಿಗೆ ಸರಿಯಾಗಿ ಬಂದು ಗಾದಿಯ ಮೇಲೆ ಕೂಡುವನು, ಕೈ ತೊಡೆಯ ಮೇಲಿಟ್ಟುಕೊಂಡು. ಒಂದು ಸಲವೂ ಬಂದು, ಯಾಕೆ ಮಾತು ಮುರಿದಿರಿ ಎಂದು ಕೇಳಲಿಲ್ಲ. ಅದೂ ಗುರುಸಿದ್ದಯ್ಯನಿಗೆ ಒಂದು ಪುರಾವೆಯೇ ಆಯಿತು. ನಿಜವಿರದಿದ್ದರೆ ಮನುಷ್ಯ ಸುಮ್ಮನಿರುತ್ತಾನೆಯೇ?

ಮಗಳ ಗತಿ ಅದಕ್ಕಿಂತ ಕೆಟ್ಟದಾಯಿತು. ಗದಗಿನಿಂದ ಒಂದು ಮನೆಯವರು ಶಿವಲಿಂಗವ್ವನನ್ನು ನೋಡಲು ಹೊರಟವರು ಸ್ಟೇಶನ್ನಿನಲ್ಲಿ ಏನು ಕೇಳಿದರೋ, ಅಲ್ಲಿಂದಲೇ ಹಿಂದಿರುಗುವ ಗಾಡಿ ಹತ್ತಿದರಂತೆ. ಒಂದು ದಿನ ಗುರುಸಿದ್ದಯ್ಯ ಬಾವಿಯ ಹಾದಿಯಲ್ಲಿ ಬರುತ್ತಿದ್ದ. ಶಿವಲಿಂಗವ್ವ ಕೊಡ ಹಿಡಿದು ಬಂದದ್ದೇ ತಡ, ಹಗ್ಗ ಹಿಡಿದಿದ್ದ ಹೆಂಗಸರು ತಮ್ಮ ತಮ್ಮ ಕೊಡ ಎತ್ತಿಕೊಂಡು ಆಚೆ ಸರಿದರು. ಈರವ್ವನೆಂಬ ಮುದುಕಿಯೊಬ್ಬಳು, "ನಿಂದು ಆಮ್ಯಾಲೆ ತುಂಬಿಕೋ ಯವ್ವಾ," ಎಂದಳು, ಬಯ್ಗುಳವಿಲ್ಲದೆ, ಮೆತ್ತಗೆ. ಹುಡುಗಿ ಬಿಸಿಲಲ್ಲಿ ಗೋಡೆಗೆ ಆತು ನಿಂತಳು. ಗುರುಸಿದ್ದಯ್ಯನನ್ನು ಕಂಡು ಸೆರಗು ಸರಿಮಾಡಿಕೊಂಡು ತಲೆ ಬಗ್ಗಿಸಿದಳು, ಇನ್ನೂ ಮಾವನೇ ಎನ್ನುವ ಹಾಗೆ. ಇಂಥದನ್ನು ಕಂಡರೆ ಕಟ್ಟೆಯ ಮೇಲೆ ಹೇಳಬೇಕಿದ್ದವನು ಅಂದು ಕಟ್ಟೆಯ ಕಡೆಗೇ ಹೋಗಲಿಲ್ಲ.

ಸುಗ್ಗಿಯ ಕೊನೆಗೆ ಒಂದು ಬೆಳಗ್ಗೆ ಗುರುಸಿದ್ದಯ್ಯ ಜಳಕ ಮಾಡಿ, ವಿಭೂತಿ ಧರಿಸಿ, ಊಟಕ್ಕೆ ಕೂತಿದ್ದ. ದಾನವ್ವ ರೊಟ್ಟಿ ಹಾಕಲು ಬಂದವಳು ಹಾಗೇ ನಿಂತಳು.

"ಬೆರಳಿಗೇನ ಆಗೇತ್ರಿ? ಇಷ್ಟ ದೊಡ್ಡ ಬೊಬ್ಬಿ?"

ಬಲಗೈ ಉಂಗುರದ ಬೆರಳು, ಕಿರುಬೆರಳು, ಎರಡರ ಬುಡದಲ್ಲೂ ಬೊಬ್ಬೆ ಎದ್ದು ನೀರು ತುಂಬಿತ್ತು.

"ನೀರಿನ ಹಂಡೆ ಎತ್ತಿಟ್ಟಿದ್ದೆ. ಕಾದಿತ್ತೇನೋ."

"ಕಾದಿತ್ತೇನೋ ಅಂದ್ರ? ಇಷ್ಟ ಸುಟ್ಟಿದ್ದು ನಿಮಗ ತಿಳೀಲಿಲ್ಲೇನು?"

ಅವಳು ಕೇಳಿದ್ದು ಹೆಂಡತಿ ಕೇಳುವ ಹಾಗೆ, ಗದರಿಸಿ. ಎಣ್ಣೆ ತರಲು ಒಳಗೆ ಹೋದಳು. ಗುರುಸಿದ್ದಯ್ಯ ತುತ್ತನ್ನು ತಾಟಿನಲ್ಲಿಟ್ಟ. ಎದ್ದು ಒಲೆಯ ಹತ್ತಿರ ಹೋದ. ರೊಟ್ಟಿಯ ಹಂಚು ಇನ್ನೂ ಒಲೆಯ ಮೇಲಿತ್ತು. ಕಿರುಬೆರಳಿನ ತುದಿಯನ್ನು ಅದರ ಅಂಚಿಗೆ ಇಟ್ಟ. ಏನೂ ಆಗಲಿಲ್ಲ. ತಣ್ಣನೆಯ ಕಲ್ಲಿನ ಮೇಲೆ ಇಟ್ಟಷ್ಟೂ ತಿಳಿಯಲಿಲ್ಲ. ಮಾಂಸ ಸುಟ್ಟ ವಾಸನೆ ಮೂಗಿಗೆ ಬಂದ ಮೇಲೆಯೇ ಅವನು ಬೆರಳು ತೆಗೆದದ್ದು.

ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಅಂದು ಮಹಾಂತಯ್ಯ ಉತ್ತರ ಕೊಟ್ಟಿದ್ದ. ಈ ಎರಡೇ ಬೆರಳು ಹಿಡಿದು ಒತ್ತಿದ್ದ, ಒತ್ತಿ ಕಾದಿದ್ದ. ಉಗುರು ಚುಚ್ಚಿದೆ ಎಂದುಕೊಂಡ ಈ ಬೆರಳಿನಲ್ಲಿ ಚುಚ್ಚುವ ಕಸುವೇ ಇರಲಿಲ್ಲ. ಊರ ಕೈಯನ್ನೆಲ್ಲ ಓದುತ್ತೇನೆಂದು ಮೆರೆದವನಿಗೆ ತನ್ನ ಕೈ ಸತ್ತದ್ದು ತಿಳಿಯಲಿಲ್ಲ. ಅವನಿಗೆ ನಾಚಿಕೆಯಾಯಿತು, ಅಂಜಿಕೆಯೂ ಆಯಿತು. ಯಾವುದು ಮೊದಲು ಬಂತೋ ಹೇಳುವುದು ಕಷ್ಟ.

ದಾನವ್ವನಿಗೆ ಹೇಳಿದ. ಅವಳು ಮೊದಲು ನಂಬಲಿಲ್ಲ, ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅವನು ಹೊರಗೆ ಹೋಗಲು ರುಮಾಲು ಸುತ್ತಿಕೊಂಡಾಗ ಬಾಗಿಲಿಗೆ ಅಡ್ಡ ನಿಂತಳು.

"ಯಾರಿಗೂ ಹೇಳಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ. ಚನ್ನವೀರನ ಲಗ್ನ ಒಂದ ಆಗಿಬಿಡಲಿ. ಈ ಮನಿಗೆ ಹೆಣ್ಣ ಕೊಡೋರ್ಯಾರು?"

"ಅಲ್ಲೊಂದ ಹೆಣ್ಣ ಬಾವಿ ಕಟ್ಟಿ ಮ್ಯಾಲ ಒಬ್ಬಾಕಿನ ನಿಂತೈತಿ ದಾನವ್ವ."

"ಅದು ಅವರ ದೈವ. ಇವ ನಮ್ಮ ಮಗ."

ಅವಳು ಹೇಳಿದ್ದು ತಪ್ಪೆಂದು ಗುರುಸಿದ್ದಯ್ಯನಿಗೂ ಅನಿಸಲಿಲ್ಲ. ಆದರೂ ಅವಳನ್ನು ಬಳಸಿ ಹೊರಬಿದ್ದು ಮಹಾಂತಯ್ಯನ ಮನೆಗೆ ಹೋದ.

ಮಹಾಂತಯ್ಯ ಪಡಸಾಲೆಯಲ್ಲಿ ಒಬ್ಬನೇ ಕೂತಿದ್ದ. ಬಂದವನನ್ನು ಕಂಡು ಏಳಲೂ ಇಲ್ಲ, ಬನ್ನಿ ಅನ್ನಲೂ ಇಲ್ಲ. ಗುರುಸಿದ್ದಯ್ಯ ನಿಂತೇ ಬೊಬ್ಬೆಯೆದ್ದ ಕೈ ಮುಂದೆ ಚಾಚಿದ.

"ತಿಳೀತೇನು ಕಡೀಕ?" ಮಹಾಂತಯ್ಯ ಕೈ ನೋಡಿ ಕೇಳಿದ.

"ನಿಮಗ ಆವತ್ತ ಗೊತ್ತಾಗಿತ್ತು."

"ಆಗಿತ್ತು. ಎರಡ ಸಲ ಒತ್ತಿದೆ, ನಿಮಗ ಹತ್ತಲಿಲ್ಲ. ಹೆಂಗ ಹೇಳೂದು ಅಂತ ತಿಳೀಲಿಲ್ಲ. ಮನಿಗೆ ಬಂದೆ, ನಿಮ್ಮ ಹುಡುಗ ಕಾಲ ಮುಟ್ಟಿದ, ಬಾಯಿ ಕಟ್ಟಿತು. ಮೊದಲ ಔಷಧ ಐತೋ ಇಲ್ಲೋ ಕೇಳಿಕೊಂಡು ಬರೂನು ಅಂತ ಧಾರವಾಡಕ್ಕ ಹೋದೆ. ಬರೂದ್ರಾಗ ನೀವು ಕಟ್ಟಿ ಮ್ಯಾಲ ನನ್ನ ಕೈ ಹರಾಜ ಹಾಕಿದ್ರಿ."

"ಅಲ್ಲಂತ ಯಾಕ ಹೇಳಲಿಲ್ರಿ ನೀವು? ಪೇಟೆಗೆಲ್ಲ ಕೈ ತೋರಿಸಿಬಿಡಬೇಕಿತ್ತು."

"ನನ್ನ ಕೈ ಛಲೋ ಐತಿ ಅಂದಿದ್ದರ ಮಂದಿ ಏನ ಕೇಳ್ತಿದ್ರು? ವಲ್ಲ್ಯಾಗ ಇದ್ದದ್ದು ಎರಡ ಕೈ, ಗುರುಸಿದ್ದಯ್ಯನವರ."

ಇಂದು ಅವನು ಬೀಗರೇ ಎಂದು ಕರೆಯಲಿಲ್ಲ. ಗುರುಸಿದ್ದಯ್ಯ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ.

"ನಾ ಏನ ದೇವರಲ್ರಿ," ಎಂದ ಮಹಾಂತಯ್ಯ. "ಮೊದಲ ಗೆಳೆತನಕ್ಕ ಸುಮ್ಮನಿದ್ದೆ. ಗದಗಿನವರು ಹೊಳ್ಳಿಹೋದ ಮ್ಯಾಲ ಸಿಟ್ಟಿಗೆ ಸುಮ್ಮನಿದ್ದೆ. ಇವನ ಕೈನ ಇವಗ ಹೇಳಲಿ, ನಾ ಹೇಳೂದಿಲ್ಲ ಅಂತ. ನನ್ನ ಮಗಳು ಮಾತ್ರ ಒಂದ ದಿನಾನೂ ನಿಮ್ಮನ್ನ ಬೈದಿಲ್ಲ. ಅದಕ್ಕ ನನಗ ಇನ್ನೂ ಸಿಟ್ಟು."

ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಶಿವಲಿಂಗವ್ವ ಬಾಗಿಲ ಮರೆಯಲ್ಲಿ ಇದ್ದಳೆಂದು ಗುರುಸಿದ್ದಯ್ಯನಿಗೆ ತಿಳಿಯಿತು. ತಪ್ಪಾಯಿತು ಎಂದು ಹೇಳಬೇಕೆಂದು ಬಂದವನಿಗೆ ಆ ಮಾತು ಬಹಳ ಸಣ್ಣದಾಗಿ ಕಂಡಿತು. ಹೇಳಿದ, ಆದರೂ. ಮಹಾಂತಯ್ಯ ಆಯಿತು ಎನ್ನಲಿಲ್ಲ.

"ಆ ಡಾಕ್ಟರು ಹೇಳಿದ್ರು, ಲಗೂ ಬಂದ್ರ ಬೆರಳು ಉಳೀತಾವಂತ. ಹೋಗ್ರಿ," ಅಂದ. "ಮಂದಿಗೆ ಹೇಳೂದು ಬಿಡೂದು ನಿಮಗ ಬಿಟ್ಟದ್ದು. ಮಗ ನಿಮ್ಮಾವ."

ಮರುದಿನ ಪೇಟೆ ತುಂಬಿತ್ತು. ಸುಗ್ಗಿಯ ಕಡೆಯ ಮಾಲು ಬಂದಿತ್ತು, ಹತ್ತಿಯ ಎಳೆ ಹಾರಿ ಎಲ್ಲರ ರುಮಾಲಿನ ಮೇಲೂ ಕೂತಿತ್ತು. ಗುರುಸಿದ್ದಯ್ಯ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದಿದ್ದ. ಮನೆಯಿಂದ ಪೇಟೆಯವರೆಗೆ ಅವನ ಕಣ್ಣಿಗೆ ಒಂದೂ ಬೀಳಲಿಲ್ಲ. ಹಾದಿಯುದ್ದಕ್ಕೂ ಮನಸ್ಸಿನಲ್ಲಿ ಚನ್ನವೀರಯ್ಯನ ಮುಖವಿತ್ತು. ರಾತ್ರಿ ಅಪ್ಪ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಆ ಹುಡುಗ ಹೇಳಬೇಡ ಎನ್ನಲಿಲ್ಲ, ಹೇಳು ಎನ್ನಲೂ ಇಲ್ಲ. ಎದ್ದು ಹೊರಗೆ ಹೋಗಿ ಅಂಗಳದಲ್ಲಿ ಕೂತಿದ್ದ.

ಗುರುಸಿದ್ದಯ್ಯ ಅಂದು ಮಾರುವ ರೈತರ ಕಡೆಯ ದಲಾಲಿ; ಖರೀದಿದಾರ ತ್ರ್ಯಂಬಕರಾಯರು ಎಂದಿನ ಹಾಗೆ ಎದುರು ಬಂದು ಕೂತರು, ಕೈ ಮುಂದೆ ಮಾಡಿದರು, ವಲ್ಲಿ ಹೊದಿಸಲು ಹೋದರು. ಸುತ್ತ ದಲಾಲಿಗಳು, ಹಳ್ಳಿಯ ರೈತರು, ಹಮಾಲರು. ಎದುರಿನ ಅಂಗಡಿಯಲ್ಲಿ ಮಹಾಂತಯ್ಯ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಇನ್ನೂ ಹೇಳದೆ ಉಳಿಯಬಹುದು ಎಂದು ಗುರುಸಿದ್ದಯ್ಯನಿಗೆ ಆ ಗಳಿಗೆಯಲ್ಲೂ ಅನಿಸಿತು. ಬರೀ ತಲೆನೋವೆಂದು ಎದ್ದು ಹೋಗಬಹುದಿತ್ತು.

ಅವನು ವಲ್ಲಿಯನ್ನು ಎಳೆದು ಪಕ್ಕಕ್ಕಿಟ್ಟ.

"ಧಾರಣಿ ಬಾಯಿಲೆ ಹೇಳ್ರಿ ರಾಯರ. ನನ್ನ ಕೈಗೆ ತಿಳಿಯೂದಿಲ್ಲ."

ಮೂವತ್ತು ವರ್ಷದಲ್ಲಿ ಆ ಪೇಟೆಯಲ್ಲಿ ಯಾರೂ ಆಡಿರದ ಮಾತು. ಮಂದಿ ಚೇಷ್ಟೆಯೆಂದುಕೊಂಡು ನಕ್ಕರು. ಗುರುಸಿದ್ದಯ್ಯ ಬೆರಳಿನ ಬಟ್ಟೆ ಬಿಚ್ಚಿದ.

"ಮಹಾಂತಯ್ಯನವರ ಕೈ ನೆಟ್ಟಗೈತಿ. ಸತ್ತದ್ದು ನನ್ನ ಕೈ. ಆ ಮನಿ ಮ್ಯಾಲ ನಾ ಹಾಕಿದ್ದು ಸುಳ್ಳು. ಇಲ್ಲಿದ್ದವರೆಲ್ಲಾರೂ ಕೇಳಿಕೊಳ್ರಿ, ನಿಮ್ಮ ನಿಮ್ಮ ಮನ್ಯಾಗ ಹೇಳ್ರಿ, ಬಾವಿ ಕಟ್ಟಿಗೂ ಮುಟ್ಟಲಿ."

ನಗು ನಿಂತಿತು. ತ್ರ್ಯಂಬಕರಾಯರು ಕೈ ಹಿಂದಕ್ಕೆ ತೆಗೆದುಕೊಂಡು ಧೋತರಕ್ಕೆ ಒರೆಸಿಕೊಂಡರು, ಒಮ್ಮೆಯಲ್ಲ, ಮೇಲಿಂದ ಮೇಲೆ. ಎದ್ದರು. ತುಸು ಹೊತ್ತು ನಡುವೆ ನಿಂತು, ಆಮೇಲೆ ದಾರಿ ದಾಟಿ ಮಹಾಂತಯ್ಯನ ಅಂಗಡಿ ಹತ್ತಿ ಕೂತರು. ಮಹಾಂತಯ್ಯ ತಲೆಯೆತ್ತಿ ಗುರುಸಿದ್ದಯ್ಯನ ಕಡೆಗೆ ನೋಡಿದ. ಅವನ ಮುಖದಲ್ಲಿ ಗೆದ್ದವನ ಸಂತೋಷವಿರಲಿಲ್ಲ. ಹೆಗಲ ಮೇಲಿನ ವಲ್ಲಿ ತೆಗೆದು ರಾಯರ ಕೈ ಮೇಲೆ ಹೊದಿಸಿದ.

ಗುರುಸಿದ್ದಯ್ಯ ಎದ್ದ. ದಿನಾ ಅವನ ಹೆಗಲಿಗೆ ಹೆಗಲು ತಾಗಿಸಿ ನುಗ್ಗುತ್ತಿದ್ದ ಮಂದಿ ಇವತ್ತು ದಾರಿ ಬಿಟ್ಟರು, ಬೇಕಾದುದಕ್ಕಿಂತ ಬಹಳ ಅಗಲವಾಗಿ. ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು.